ಎಲ್ಲಾ ಕೆಮ್ಮೂ ಟಿ.ಬಿ. ಅಲ್ಲ, ಎಲ್ಲಾ ದಮ್ಮೂ ಅಸ್ತಮಾ ಅಲ್ಲ



ಸಂಘದ ಸಭೆಗಳಿಗೆ ಬಂದಾಗ ನಾವು ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ: "ಸಿಸ್ಟರ್, ವರ್ಷದಿಂದ ಒಣಕೆಮ್ಮು. ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ರೆ ದಮ್ಮು ಬರುತ್ತೆ." ಕಲ್ಲಿನ ಕ್ರಷರ್‌ನಲ್ಲಿ ದುಡಿಯುತ್ತಿದ್ದ ಒಬ್ಬ ಸದಸ್ಯೆಗೆ ಒಮ್ಮೆ ಟಿ.ಬಿ. ಎಂದು, ಇನ್ನೊಮ್ಮೆ ಅಸ್ತಮಾ ಎಂದು ಔಷಧಿ ಕೊಟ್ಟರು. ಕಫದಲ್ಲಿ ಟಿ.ಬಿ. ಕ್ರಿಮಿ ಸಿಗಲಿಲ್ಲ, ದಮ್ಮೂ ಇಳಿಯಲಿಲ್ಲ. ಕೊನೆಗೆ ಮೂರನೆಯ ಡಾಕ್ಟರು, "ಏನು ಕೆಲಸ ಮಾಡ್ತೀಯಮ್ಮಾ?" ಎಂದು ಕೇಳಿದರು. ಆಗ ಗೊತ್ತಾಯಿತು, ಅದು ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂದು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷವೂ ಅವರು ಅದೇ ಧೂಳಿನಲ್ಲಿ ದುಡಿದಿದ್ದರು.

ಶ್ವಾಸಕೋಶ ಬಿಗಿಯಾಗುವುದು ಎಂದರೇನು?

ಕಮ್ಮಾರನ ತಿದಿಯನ್ನು ನೆನಪಿಸಿಕೊಳ್ಳಿ. ತಿದಿಯ ಕೊಳವೆ ಕಿರಿದಾದರೆ ಗಾಳಿ ಸರಾಗವಾಗಿ ಹೊರಗೆ ಬರುವುದಿಲ್ಲ. ಅಸ್ತಮಾ ಇದ್ದ ಹಾಗೆ. ಆದರೆ ತಿದಿಯ ಚರ್ಮವೇ ಒಣಗಿ ಗಡುಸಾದರೆ? ಅದು ಅಗಲವಾಗಿ ತೆರೆದುಕೊಳ್ಳುವುದೇ ಇಲ್ಲ, ಗಾಳಿ ತುಂಬುವುದೇ ಕಡಿಮೆ. ಇದನ್ನು ಡಾಕ್ಟರುಗಳು ರಿಸ್ಟ್ರಿಕ್ಟಿವ್ ಕಾಯಿಲೆ ಎನ್ನುತ್ತಾರೆ. ಬೆನ್ನುಮೂಳೆ ತೀರಾ ಬಾಗಿದ್ದರೂ, ಎದೆಯಲ್ಲಿ ನೀರು ತುಂಬಿದರೂ ಹೀಗಾಗಬಹುದು.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ಅವುಗಳ ತೆಳು ಗೋಡೆಯ ಮೂಲಕವೇ ಆಮ್ಲಜನಕ ರಕ್ತಕ್ಕೆ ಸೇರಬೇಕು. ಆ ಗೋಡೆ ಉರಿಯೂತದಿಂದ ಊದಿಕೊಂಡು, ಸುಟ್ಟ ಗಾಯದ ಕಲೆಯ ಹಾಗೆ ದಪ್ಪಗಾಗಿ ಗಟ್ಟಿಯಾಗುವುದಕ್ಕೆ ಇಂಟರ್‌ಸ್ಟಿಷಿಯಲ್ ಕಾಯಿಲೆ, ಚಿಕ್ಕದಾಗಿ ಐ.ಎಲ್.ಡಿ. ಎಂದು ಹೆಸರು. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ.

ಯಾವುದರಿಂದ ಬರುತ್ತದೆ?

ಕಲ್ಲಿನ ಧೂಳು: ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಿಂದ. ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಅದೇ ಸಿಲಿಕಾ ಧೂಳು ಕ್ವಾರಿ, ಕ್ರಷರ್, ಗ್ರಾನೈಟ್ ಕೊಯ್ಯುವ ಜಾಗಗಳಲ್ಲಿ ಇಂದಿಗೂ ಇದೆ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಕಾಯಿಲೆ ಕಾಣಿಸಿಕೊಳ್ಳಬಹುದು.

ಬೂಷ್ಟು ಮತ್ತು ಹಕ್ಕಿ: ಬೂಷ್ಟು ಹಿಡಿದ ಹುಲ್ಲು, ಧಾನ್ಯ, ಪಾರಿವಾಳದ ಹಿಕ್ಕೆ ಮತ್ತು ಪುಕ್ಕದ ಧೂಳು ಕೆಲವರ ದೇಹಕ್ಕೆ ಆಗುವುದಿಲ್ಲ. 2017ರಲ್ಲಿ ಪ್ರಕಟವಾದ, ನಮ್ಮ ದೇಶದ 27 ಆಸ್ಪತ್ರೆಗಳ ದಾಖಲೆಯಲ್ಲಿ 1,084 ಐ.ಎಲ್.ಡಿ. ರೋಗಿಗಳ ಪೈಕಿ ಸುಮಾರು ಶೇ. 47 ಜನರಿಗೆ ಇದ್ದದ್ದು ಹೀಗೆ ಉಸಿರಿನೊಂದಿಗೆ ಒಳಹೋದ ವಸ್ತು ಆಗದೆ ಬರುವ ಬಗೆ.

ದೇಹದ ಬೇರೆ ಕಾಯಿಲೆ: ಕೀಲುಗಳು ಊದಿ ನೋಯುವ ಸಂಧಿವಾತ ಹೆಂಗಸರಲ್ಲೇ ಹೆಚ್ಚು. ಅದು ಶ್ವಾಸಕೋಶಕ್ಕೂ ಇಳಿಯಬಹುದು. ಕೆಲವು ಔಷಧಿಗಳಿಂದಲೂ ಬರುವುದುಂಟು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ.

ಡಾಕ್ಟರ ಹತ್ತಿರ ಏನು ಹೇಳಬೇಕು?

ಎರಡು ವಾರ ದಾಟಿದ ಕೆಮ್ಮು ಇದ್ದರೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿ. ಸಿಲಿಕೋಸಿಸ್ ಇರುವವರಿಗೆ ಟಿ.ಬಿ. ಬೇಗ ಅಂಟಿಕೊಳ್ಳುತ್ತದೆ. ಆದ್ದರಿಂದ ಈ ಲೇಖನ ಓದಿ ಯಾರೂ ಟಿ.ಬಿ. ಮಾತ್ರೆ ನಿಲ್ಲಿಸಬಾರದು. ಆದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಎಲ್ಲಿ, ಎಷ್ಟು ವರ್ಷ, ಏನು ಕೆಲಸ ಮಾಡಿದಿರಿ, ಮನೆಯಲ್ಲಿ ಪಾರಿವಾಳ ಇವೆಯೇ, ಕೀಲುನೋವು ಇದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ. ಅಗತ್ಯವಿದ್ದರೆ ಎಕ್ಸ್‌ರೇ, ಊದಿಸುವ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಬರೆದುಕೊಡುತ್ತಾರೆ.

ವಾಸಿಯಾಗುತ್ತದೆಯೇ?

ಒಮ್ಮೆ ಗಟ್ಟಿಯಾದ ಕಲೆ ಮತ್ತೆ ಮೆತ್ತಗಾಗುವುದಿಲ್ಲ. ಆದರೆ ಬೂಷ್ಟು, ಹಕ್ಕಿಯಿಂದ ಬಂದದ್ದನ್ನು ಬೇಗ ಗುರುತಿಸಿ, ಅವುಗಳಿಂದ ದೂರವಾದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಕೆಲವು ಬಗೆಗಳಲ್ಲಿ ಕಾಯಿಲೆ ಮುಂದುವರಿಯುವುದನ್ನು ನಿಧಾನಗೊಳಿಸುವ ಔಷಧಿ ಇದೆ. ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗಬೇಡಿ. ಬೀಡಿಯ ಹೊಗೆ, ಒಲೆಯ ಹೊಗೆ ತಪ್ಪಿಸಿ.

ನಾವು ಮಾಡಬಹುದಾದದ್ದು

• ಕಲ್ಲು ಒಡೆಯುವಾಗ, ಕೊರೆಯುವಾಗ ನೀರು ಹಾಕಿಸಬೇಕೆಂದು ಎಲ್ಲರೂ ಸೇರಿ ಮಾಲೀಕರನ್ನು ಕೇಳೋಣ. ಒಬ್ಬಳೇ ಕೇಳಿದರೆ ನಾಳೆಯಿಂದ ಬರಬೇಡ ಅನ್ನಬಹುದು, ಇಪ್ಪತ್ತು ಜನರಿಗೆ ಹಾಗೆ ಹೇಳುವುದು ಸುಲಭವಲ್ಲ.
• ಸೆರಗು ಕಟ್ಟಿಕೊಂಡರೆ ಕಣ್ಣಿಗೆ ಕಾಣದ ನುಣ್ಣನೆಯ ಧೂಳು ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಬೇಕು.
• ಮಗುವನ್ನು ಎತ್ತಿಕೊಳ್ಳುವ ಮೊದಲು ಕೆಲಸದ ಬಟ್ಟೆ ಬದಲಿಸಿ. ಅದನ್ನು ಕೊಡವದೆ ನೀರಲ್ಲಿ ನೆನೆಸಿ.
• ಕೂಲಿ ಚೀಟಿ, ಗುರುತಿನ ಚೀಟಿ, ಎಕ್ಸ್‌ರೇ ಜೋಪಾನವಾಗಿಡಿ. ಸಿಲಿಕೋಸಿಸ್ ಕಾನೂನು ಒಪ್ಪಿದ ಔದ್ಯೋಗಿಕ ಕಾಯಿಲೆ. ಗುಜರಾತಿನ ಕಲ್ಲುಪುಡಿ ಕಾರ್ಖಾನೆಗಳಲ್ಲಿ ದುಡಿದು ತೀರಿಕೊಂಡ ಮಧ್ಯಪ್ರದೇಶದ 238 ಆದಿವಾಸಿ ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡಲು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.
• ಸಿಲಿಕೋಸಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅಂಥ ಸಹೋದರಿಯ ತಟ್ಟೆ ಲೋಟ ಬೇರೆ ಇಡಬೇಡಿ, ಸಭೆಯಲ್ಲಿ ದೂರ ಕೂರಿಸಬೇಡಿ.

ಆರಂಭದಲ್ಲಿ ಹೇಳಿದ ಆ ಸದಸ್ಯೆ ಈಗ ಕ್ರಷರ್ ಕೆಲಸ ಬಿಟ್ಟು, ಸಂಘದ ಸಾಲದಿಂದ ಎರಡು ಮೇಕೆ ಸಾಕಿದ್ದಾರೆ. ಏರು ಹತ್ತಲು ಈಗಲೂ ಕಷ್ಟ. ಆದರೂ ಪ್ರತಿ ಸಭೆಗೆ ಬರುತ್ತಾರೆ, ಹೊಸದಾಗಿ ಕಲ್ಲಿನ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ತಮ್ಮ ಎಕ್ಸ್‌ರೇ ತೋರಿಸುತ್ತಾರೆ. ಉಸಿರು ದೇವರು ಕೊಟ್ಟ ದಾನ, ಅದನ್ನು ಕಾಪಾಡಿಕೊಳ್ಳೋಣ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: "ನಮ್ಮಲ್ಲಿ ಯಾರಿಗೆ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆ?" ಕೈ ಎತ್ತಿದವರನ್ನು ಒಂಟಿಯಾಗಿ ಕಳಿಸಬೇಡಿ, ಜೊತೆಗೆ ಒಬ್ಬರು ಆಸ್ಪತ್ರೆಗೆ ಹೋಗಿ.