ನಸುಗುನ್ನಿ ಬೆಳೆಗೆ ಸಾವಯವ ಗೊಬ್ಬರ: ಎಷ್ಟು, ಯಾವಾಗ?

ಯಲಹಂಕದ ಆಚೆ ಪರಿಚಿತರೊಬ್ಬರು ತಮ್ಮ ಜಾಗದಲ್ಲಿ ಬೆಳೆಸಿದ ನಸುಗುನ್ನಿ ಬಳ್ಳಿಯನ್ನು ತೋರಿಸಲು ನಮ್ಮನ್ನು ಕರೆದಿದ್ದರು. ಬಳ್ಳಿ ದಟ್ಟ ಹಸಿರಾಗಿ ಬೇಲಿಯನ್ನೆಲ್ಲ ಮುಚ್ಚಿತ್ತು. ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು. "ಸಾವಯವ ಗೊಬ್ಬರ ತಾನೇ ಫಾದರ್, ಎಷ್ಟು ಹಾಕಿದರೂ ಒಳ್ಳೆಯದೇ ಅಂದುಕೊಂಡೆ" ಎಂದರು. ಇದೇ ಅಭಿಪ್ರಾಯ ನಮ್ಮ ಓದುಗರಲ್ಲೂ ಹಲವರಿಗಿರುವುದರಿಂದ ಈ ನಾಲ್ಕು ಮಾತು.

ಆಯುರ್ವೇದದಲ್ಲಿ ಕಪಿಕಚ್ಚು, ಆತ್ಮಗುಪ್ತ ಎಂದು ಕರೆಯುವುದು ಇದನ್ನೇ. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯಲ್ಲಿ ಬಳಸುವ ಎಲ್-ಡೋಪಾ ಇದರ ಬೀಜದಲ್ಲಿದೆ. ಅದನ್ನು ಬೀಜದಿಂದ ಬೇರ್ಪಡಿಸಿದ ವಿವರವನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ಪ್ರಕಟಿಸಿದ್ದರು. ಕಾಡಿನ ನಸುಗುನ್ನಿಯ ತುರಿಕೆಗೆ ಹೆದರಿ ಯಾರೂ ಹತ್ತಿರ ಹೋಗುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಧನ್ವಂತರಿ, ಅರ್ಕಾ ಅಶ್ವಿನಿ ತಳಿಗಳಿಗೆ ಆ ಕಾಟವಿಲ್ಲ.

ಈಗ ಗೊಬ್ಬರದ ವಿಷಯಕ್ಕೆ ಬರೋಣ. ನಸುಗುನ್ನಿ ದ್ವಿದಳ ಜಾತಿಯದು. ಅಲಸಂದೆ, ಅವರೆಯಂತೆ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾದ ನೆರವಿನಿಂದ ಗಾಳಿಯ ಸಾರಜನಕವನ್ನು ತಾನೇ ಪಡೆಯುತ್ತದೆ. ಅದರ ಮೇಲೆ ನಾವೂ ಸಾರಜನಕ ಸುರಿದರೆ ಬೇರಿನ ಗಂಟುಗಳು ಕಡಿಮೆಯಾಗುತ್ತವೆ, ಎಲೆ ಬಳ್ಳಿ ಸೊಕ್ಕುತ್ತವೆ, ಹೂ ಕಾಯಿ ಹಿಂದುಳಿಯುತ್ತವೆ. ಸೊಪ್ಪಿನ ಬೆಳೆಗಾದರೆ ಅದೇ ಲಾಭ. ಬೀಜಕ್ಕಾಗಿ ಬೆಳೆಯುವವರಿಗೆ ನಷ್ಟ.

ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಎಕರೆಗೆ ಸುಮಾರು 4 ಟನ್ ಸಾಕು. ನಮ್ಮ ಕರಾವಳಿಯ ಲೆಕ್ಕದಲ್ಲಿ ಸೆಂಟ್ಸಿಗೆ 40 ಕಿಲೋ. ಒಂದು ಟನ್ ಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕವಿದ್ದರೆ ರಂಜಕ ಅದರ ಅರ್ಧವೂ ಇರುವುದಿಲ್ಲ. ಕಾಳು ಕಟ್ಟಲು ಬೇಕಾದದ್ದು ಈ ರಂಜಕ. ಬೆಂಗಳೂರಿನ ಕೆಂಪು ಮಣ್ಣಾಗಲಿ ಕರಾವಳಿಯ ಮುರಕಲ್ಲು ಮಣ್ಣಾಗಲಿ, ಹುಳಿ ಇರುವಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದುದರಿಂದ ಗೊಬ್ಬರದ ಜೊತೆ ಶಿಲಾರಂಜಕ ಮತ್ತು ರಂಜಕ ಕರಗಿಸುವ ಜೀವಾಣು ಗೊಬ್ಬರ ಸೇರಿಸುವುದು ಒಳ್ಳೆಯದು. ಪ್ರಮಾಣವನ್ನು ಮಣ್ಣು ಪರೀಕ್ಷೆಯ ನಂತರವೇ ನಿರ್ಧರಿಸಿ. ಹಸಿ ಸಗಣಿ ಬೇಡ. ಗೊಣ್ಣೆಹುಳು, ಗೆದ್ದಲನ್ನು ನಾವೇ ಕರೆದಂತಾಗುತ್ತದೆ.

ಎರೆಹುಳು ಗೊಬ್ಬರ ಸಿಕ್ಕಿದರೆ ಇನ್ನೂ ಉತ್ತಮ. ಕೊಟ್ಟಿಗೆ ಗೊಬ್ಬರಕ್ಕಿಂತ ಅದರಲ್ಲಿ ಪೋಷಕಾಂಶ ಹೆಚ್ಚು, ಆದುದರಿಂದ ಪ್ರಮಾಣ ಕಡಿಮೆ ಸಾಕು. ಇದನ್ನು ನಮ್ಮ ರೈತರಿಗೆ ಪರಿಚಯಿಸುವುದರಲ್ಲಿ ಹೆಬ್ಬಾಳ ಬಳಿಯ ಜಿಕೆವಿಕೆಯಲ್ಲಿ ಎರೆಹುಳುಗಳ ಬಗ್ಗೆ ಸಂಶೋಧನೆ ನಡೆಸಿದ ಡಾ. ರಾಧಾ ಕಾಳೆಯವರ ಪಾತ್ರ ದೊಡ್ಡದು.

ಗೊಬ್ಬರದಷ್ಟೇ ಮುಖ್ಯವಾದದ್ದು ಚಪ್ಪರ. ಜೂನ್‌-ಜುಲೈಯಲ್ಲಿ ಬಿತ್ತಿ ಬಳ್ಳಿಯನ್ನು ನೆಲದಲ್ಲೇ ಹರಿಯಲು ಬಿಟ್ಟರೆ ಕಾಯಿ ಮಣ್ಣು ತಾಗಿ ಕೊಳೆಯುತ್ತದೆ. ಕರಾವಳಿಯ ಮಳೆಯಲ್ಲಂತೂ ಹೇಳುವುದೇ ಬೇಡ. ಗೂಟ ಕೊಟ್ಟು ಹಬ್ಬಿಸಿದರೆ ಬಿಸಿಲು ಗಾಳಿ ಸಿಕ್ಕಿ ಇಳುವರಿ ಹೆಚ್ಚುತ್ತದೆ. ಕೊಳ್ಳುವವರು ಯಾರೆಂದು ಮೊದಲೇ ವಿಚಾರಿಸಿಕೊಳ್ಳಿ; ಬಿತ್ತಿದ ಮೇಲೆ ಹುಡುಕುತ್ತಾ ಹೋದರೆ ಅವರು ಹೇಳಿದ್ದೇ ಬೆಲೆ.

ಕೊನೆಯದಾಗಿ ವೃದ್ಧರ ಆರೈಕೆ ಮಾಡುವ ಸೇವಾಕರ್ತರಿಗೆ ಒಂದು ಸೂಚನೆ: ಮನೆಯಲ್ಲಿ ಬೆಳೆದದ್ದೆಂದು ಈ ಬೀಜವನ್ನು ಪುಡಿಮಾಡಿ ಪಾರ್ಕಿನ್ಸನ್ ರೋಗಿಗಳಿಗೆ ಕೊಡಬೇಡಿ. ಅವರು ನುಂಗುವ ಮಾತ್ರೆಯಲ್ಲೂ ಅದೇ ಎಲ್-ಡೋಪಾ ಇರಬಹುದು. ವೈದ್ಯರನ್ನು ಕೇಳದೆ ಒಂದು ಚಮಚವೂ ಬೇಡ.