ಪರದೆಯ ಬಣ್ಣ, ಕಾಗದದ ಬಣ್ಣ

ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆಂದು ವಿದ್ಯಾರ್ಥಿಯೊಬ್ಬನು ಮಿಂಚುಳ್ಳಿಯ ಚಿತ್ರವನ್ನು ಆರಿಸಿದನೆಂದು ಭಾವಿಸೋಣ. ಗಣಕಯಂತ್ರದ ಪರದೆಯ ಮೇಲೆ ಆ ಹಕ್ಕಿಯ ಬೆನ್ನು ಕಣ್ಣು ಕೋರೈಸುವ ನೀಲಿ. ಹಿಂದಿನ ಗದ್ದೆ ಎಳೆಯ ಪೈರಿನ ಹಸಿರು. ಚಿತ್ರವು ಮುದ್ರಣಾಲಯಕ್ಕೆ ಹೋಗಿ ಸಾವಿರ ಪ್ರತಿಗಳು ಅಚ್ಚಾಗಿ ಬರುತ್ತವೆ. ನೋಡಿದರೆ ನೀಲಿಯು ನೇರಳೆಗೆ ತಿರುಗಿದೆ, ಹಸಿರು ಬಾಡಿದೆ, ಕರಿಯ ಅಕ್ಷರಗಳ ಅಂಚಿನಲ್ಲಿ ಕೆಂಪು ನೆರಳು ಕಾಣುತ್ತಿದೆ. ಕಾಗದಕ್ಕೆ ಕೊಟ್ಟ ಹಣವಂತೂ ಹಿಂದಿರುಗದು. ಇಂಥ ಸಮಯದಲ್ಲಿ ವಿದ್ಯಾರ್ಥಿಯು ಮುದ್ರಕರ ಯಂತ್ರವನ್ನೂ ಮುದ್ರಕರು ವಿದ್ಯಾರ್ಥಿಯ ಕಡತವನ್ನೂ ದೂರುವುದು ರೂಢಿ. ದೋಷವು ಎಷ್ಟೋ ವೇಳೆ ಇವೆರಡರ ನಡುವೆ ನಡೆದ ವರ್ಣಪರಿವರ್ತನೆಯಲ್ಲಿ ಅಡಗಿರುತ್ತದೆ. ಈ ಪರಿವರ್ತನೆ ಎಂದರೇನು, ಅದು ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ವಿಚಾರಿಸೋಣ.

ಪರದೆಯು ತಾನೇ ಬೆಳಕನ್ನು ಬೀರುವ ವಸ್ತು. ಭೂತಗನ್ನಡಿ ಹಿಡಿದು ನೋಡಿದರೆ ಅದರಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಗೆಯ ಸೂಕ್ಷ್ಮ ದೀಪಗಳು ಕಾಣುವುವು. ಒಂದೊಂದರ ಪ್ರಕಾಶಕ್ಕೂ 0ಯಿಂದ 255ರ ವರೆಗೆ 256 ಮೆಟ್ಟಿಲುಗಳುಂಟು. ಮೂರನ್ನೂ ಬಗೆಬಗೆಯಾಗಿ ಕೂಡಿಸಿದರೆ 1,67,77,216 ಸಂಯೋಗಗಳಾಗುತ್ತವೆ. ಮೂರೂ ಪೂರ್ಣವಾಗಿ ಬೆಳಗಿದಾಗ ಬಿಳುಪು. ಕಾಗದದ ಸಂಗತಿ ಇದಕ್ಕೆ ತಿರುಗುಮುರುಗು. ಅದರ ಮೇಲೆ ಬಿದ್ದ ಬಿಳಿಯ ಬೆಳಕಿನಲ್ಲಿ ಒಂದಷ್ಟನ್ನು ಶಾಯಿಯು ನುಂಗಿ, ಉಳಿದುದನ್ನು ನಮ್ಮ ಕಣ್ಣಿಗೆ ಕಳುಹಿಸುತ್ತದೆ. ಸಯಾನ್ ಎಂಬ ಹಸಿರು ಬೆರೆತ ನೀಲಿ ಶಾಯಿ ಕೆಂಪನ್ನು ನುಂಗುತ್ತದೆ, ಮೆಜೆಂಟಾ ಎಂಬ ನೇರಳೆಗೆಂಪು ಹಸಿರನ್ನು ನುಂಗುತ್ತದೆ, ಹಳದಿಯು ನೀಲಿಯನ್ನು. ಪರದೆಯದು ಕೂಡುವ ಲೆಕ್ಕ, ಕಾಗದದ್ದು ಕಳೆಯುವ ಲೆಕ್ಕ.

ಈ ಭೇದವನ್ನು ಬಲ್ಲವರು ಹಿಂದೆಯೂ ಇದ್ದರು. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಲೆ ಬ್ಲಾನ್ ಎಂಬಾತನು ಮೂರು ಬಣ್ಣಗಳಿಗೆ ಮೂರು ತಗಡುಗಳನ್ನು ಕೆತ್ತಿ ಒಂದರ ಮೇಲೊಂದು ಅಚ್ಚೊತ್ತುವ ತನ್ನ ವಿಧಾನಕ್ಕೆ 1719ರಲ್ಲಿ ಇಂಗ್ಲೆಂಡಿನ ದೊರೆಯಿಂದ ಹಕ್ಕುಪತ್ರವನ್ನು ಪಡೆದನು. ಮುಂದೆ ಬರೆದ ಪುಸ್ತಕದಲ್ಲಿ ಆತನು ದ್ರವ್ಯದ ಬಣ್ಣಗಳು ಮೂರೂ ಬೆರೆತರೆ ಕಪ್ಪಾಗುವುದೆಂದೂ ಬೆಳಕಿನ ಬಣ್ಣಗಳು ಬೆರೆತರೆ ಬಿಳುಪಾಗುವುದೆಂದೂ ಬೇರ್ಪಡಿಸಿ ಹೇಳಿದ್ದಾನೆ. ಆದರೆ ನಿಜವಾದ ಶಾಯಿಗಳು ಇಷ್ಟು ಶಿಸ್ತಿನವಲ್ಲ. ಮೂರೂ ಸೇರಿದಾಗ ಬರುವುದು ಕೆಸರುಗಂದು. ಆದುದರಿಂದಲೇ ಕಪ್ಪು ಶಾಯಿಯನ್ನು ನಾಲ್ಕನೆಯದಾಗಿ ಸೇರಿಸಿಕೊಳ್ಳುವುದು. ಮೆಜೆಂಟಾ ಶಾಯಿಯು ಹಸಿರಿನ ಜೊತೆಗೆ ನೀಲಿಯನ್ನೂ ಸಾಕಷ್ಟು ನುಂಗಿಬಿಡುತ್ತದೆ. ಸಯಾನ್ ಕೆಂಪಿನ ಜೊತೆಗೆ ಒಂದಿಷ್ಟು ಹಸಿರನ್ನೂ ನೀಲಿಯನ್ನೂ ಕಬಳಿಸುತ್ತದೆ. ಇವೆರಡನ್ನು ಸೇರಿಸಿ ನೀಲಿಯನ್ನು ಪಡೆಯಹೊರಟರೆ ಉಳಿಯುವ ನೀಲಿ ಎಷ್ಟು? ಮಿಂಚುಳ್ಳಿಯ ಬೆನ್ನು ಮಂಕಾದುದಕ್ಕೆ ಮೂಲಕಾರಣ ಇಲ್ಲಿದೆ. (ಹಕ್ಕಿಗಾದರೋ ಈ ತೊಡಕಿಲ್ಲ. ಅದರ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯ ಅತಿಸೂಕ್ಷ್ಮ ರಚನೆಯು ಬೆಳಕನ್ನು ಚದುರಿಸುವುದರಿಂದ ಆ ಬಣ್ಣ ಹುಟ್ಟುತ್ತದೆ.)

ಹೀಗೆ ಪರದೆಯು ತೋರಬಲ್ಲ ಬಣ್ಣಗಳ ರಾಜ್ಯವೇ ಬೇರೆ, ಶಾಯಿಯು ತೋರಬಲ್ಲ ಬಣ್ಣಗಳ ರಾಜ್ಯವೇ ಬೇರೆ. ಎರಡರ ಗಡಿಗಳೂ ಒಂದರೊಳಗೊಂದು ಪೂರ್ತಿ ಅಡಗುವುದಿಲ್ಲ. ಅಚ್ಚಿನ ಶುದ್ಧ ಸಯಾನನ್ನು ಸಾಮಾನ್ಯ ಪರದೆಯೂ ತೋರಲಾರದು. ಗಡಿಯಾಚೆ ಉಳಿದ ಬಣ್ಣವನ್ನು ಏನು ಮಾಡಬೇಕು? ಗಾಯಕನೊಬ್ಬನ ಕಂಠ ತಾರಸ್ಥಾಯಿಗೆ ಏರದೆಂದು ಇಟ್ಟುಕೊಳ್ಳಿ. ಆತನು ಎಟುಕುವ ಸ್ವರಗಳನ್ನೆಲ್ಲ ಸರಿಯಾಗಿ ಹಾಡಿ, ಎಟುಕದವನ್ನೆಲ್ಲ ತನ್ನ ಕಂಠದ ತುದಿಯ ಒಂದೇ ಸ್ವರದಲ್ಲಿ ನಿಲ್ಲಿಸಬಹುದು. ಇಲ್ಲವೆ ಶ್ರುತಿಯನ್ನೇ ಇಳಿಸಿ, ಸ್ವರಸ್ವರಗಳ ಸಂಬಂಧವನ್ನು ಉಳಿಸಿಕೊಂಡು ಹಾಡಬಹುದು. ಗಣಕದ ತಂತ್ರಾಂಶದಲ್ಲಿ ‘ರಿಲೆಟಿವ್ ಕಲರಿಮೆಟ್ರಿಕ್’ ಎಂಬುದು ಬಹುಮಟ್ಟಿಗೆ ಮೊದಲನೆಯ ಉಪಾಯ. ‘ಪರ್ಸೆಪ್ಚುಯಲ್’ ಎಂಬುದು ಎರಡನೆಯದರ ಬಗೆಯದು, ಅದು ಬಣ್ಣಗಳನ್ನೆಲ್ಲ ಒಟ್ಟಾಗಿ ಕುಗ್ಗಿಸುತ್ತದೆ. ಗರಿಯ ಮೇಲಿನ ನವುರಾದ ಛಾಯೆಗಳೆಲ್ಲ ಒಂದೇ ನೀಲಿ ಗಂಟಾಗಿ ಅಚ್ಚಾದರೆ, ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಪರೀಕ್ಷಿಸಿ ನೋಡಬೇಕು. ಹಾಗಲ್ಲದೆ, ಗಡಿಯೊಳಗೇ ಇದ್ದ ಬಣ್ಣಗಳು ಕೂಡ ವೃಥಾ ಸಪ್ಪೆಯಾಗಿದ್ದರೆ ಮೊದಲನೆಯದೇ ಲೇಸು.

ಇನ್ನು ಅಂಕಿಗಳ ಸಂಗತಿ. 0, 255, 0 ಎಂದರೆ ಹಸಿರು, ಸರಿ. ಆದರೆ ಯಾವ ಹಸಿರು? ಎಸ್‌ಆರ್‌ಜಿಬಿ ಎಂಬ ಪದ್ಧತಿಯಲ್ಲಿ ಅದು ಒಂದು ಹಸಿರು, ಅಡೋಬಿ ಆರ್‌ಜಿಬಿ ಎಂಬುದರಲ್ಲಿ ಅದಕ್ಕಿಂತ ಗಾಢವಾದ ಇನ್ನೊಂದು. ‘ಐದು’ ಎಂದಷ್ಟೇ ಹೇಳಿದರೆ ಮೈಲಿಯೋ ಕಿಲೋಮೀಟರೋ ತಿಳಿಯದಂತೆ, ಅಂಕಿಗಳೊಡನೆ ಅಳತೆಯ ಹೆಸರೂ ಇರಬೇಕು. ಆ ಹೆಸರನ್ನು ಹೊತ್ತ ಚೀಟಿಗೆ ಪ್ರೊಫೈಲ್ ಎಂದು ಹೆಸರು. 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು ಮನುಷ್ಯನ ಕಣ್ಣಿಗೆ ಹೊಂದುವಂತೆ ಬಣ್ಣವನ್ನು ಅಳೆಯುವ ಕ್ರಮವನ್ನು ಗೊತ್ತುಮಾಡಿತು; 1993ರಲ್ಲಿ ಎಂಟು ಸಂಸ್ಥೆಗಳು ಕೂಡಿ ಸ್ಥಾಪಿಸಿದ ವರ್ಣ ಒಕ್ಕೂಟವು ಆ ಅಡಿಪಾಯದ ಮೇಲೆ ಪ್ರೊಫೈಲುಗಳ ಸಮಾನ ರೂಪವನ್ನು ಬೆಳೆಸಿತು. ಚೀಟಿ ಕಳಚಿಹೋದ ಅಡೋಬಿ ಆರ್‌ಜಿಬಿ ಚಿತ್ರವನ್ನು ತಂತ್ರಾಂಶವು ಎಸ್‌ಆರ್‌ಜಿಬಿ ಎಂದು ಊಹಿಸಿದರೆ ಇಡೀ ಚಿತ್ರ ಪೇಲವವಾಗುತ್ತದೆ. ಇಡೀ ಚಿತ್ರ ಒಂದೇ ಸಮನೆ ಮಂಕಾಗಿದ್ದರೆ ಮೊದಲು ಸಂಶಯಿಸತಕ್ಕದ್ದು ಇದನ್ನೇ.

ಇಲ್ಲಿ ಅನೇಕರು ಎಡವುವ ಒಂದು ಜಾಗವುಂಟು. ಪ್ರೊಫೈಲನ್ನು ‘ಪರಿವರ್ತಿಸುವುದು’ ಬೇರೆ, ‘ಹಚ್ಚುವುದು’ ಬೇರೆ. ಐದು ಮೈಲಿಯನ್ನು ಎಂಟು ಕಿಲೋಮೀಟರೆಂದು ಬರೆದರೆ ದೂರ ಬದಲಾಗದು; ಅದು ಪರಿವರ್ತನೆ. ಮೈಲಿ ಎಂಬುದನ್ನು ಹೊಡೆದುಹಾಕಿ ಐದು ಕಿಲೋಮೀಟರೆಂದು ಬರೆದರೆ ಊರೇ ಹತ್ತಿರಕ್ಕೆ ಬಂದಂತಾಯಿತು! ಚೀಟಿಯೇ ಇಲ್ಲದ ಕಡತಕ್ಕೆ ಸರಿಯಾದ ಚೀಟಿಯನ್ನು ಹಚ್ಚುವುದು ನ್ಯಾಯ. ಉಳಿದ ಕಡೆ ಪರಿವರ್ತನೆಯೇ ಬೇಕು. ಒಮ್ಮೆ ನಾಲ್ಕು ಶಾಯಿಗೆ ಪರಿವರ್ತಿಸಿದ ಚಿತ್ರವನ್ನು ಮರಳಿ ಮೂರು ಬೆಳಕಿಗೆ ತಿರುಗಿಸಿದರೂ ಕಳೆದುಹೋದ ಬಣ್ಣ ಮರಳುವುದಿಲ್ಲವಾದ್ದರಿಂದ, ಮೂಲಚಿತ್ರವನ್ನು ಪ್ರತ್ಯೇಕವಾಗಿ ಕಾಪಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ನೀಲಿಯು ನೇರಳೆಯಾದಾಗ ಅಂಕಿಗಳನ್ನೇ ನೋಡಬೇಕು. ಸಯಾನ್ 100, ಮೆಜೆಂಟಾ 90 ಎಂದಿದ್ದರೆ ನೇರಳೆಯ ಛಾಯೆ ಬಾರದಿರದು. ಮೆಜೆಂಟಾವನ್ನು ಸಯಾನಿಗಿಂತ ಮೂವತ್ತು ಅಂಶದಷ್ಟಾದರೂ ಕೆಳಗಿರಿಸುವುದು ಅನುಭವಿಗಳ ಪದ್ಧತಿ.

ಕರಿಯ ಅಕ್ಷರಗಳ ತೊಂದರೆ ಇನ್ನೂ ಸ್ವಾರಸ್ಯವಾದುದು. ಪರದೆಯ ಕಪ್ಪೆಂದರೆ 0, 0, 0: ಮೂರು ದೀಪಗಳೂ ಆರಿದ ಸ್ಥಿತಿ. ಅದನ್ನು ಪರಿವರ್ತಿಸಿದಾಗ, ಬಹಳವಾಗಿ ಬಳಕೆಯಲ್ಲಿರುವ ಅಮೆರಿಕದ ಒಂದು ಪ್ರೊಫೈಲಿನಲ್ಲಿ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಒಂದು ಚಿಕ್ಕ ಅಕ್ಷರಕ್ಕೆ ನಾಲ್ಕು ಶಾಯಿಗಳು! ಅಚ್ಚಿನಲ್ಲಿ ಒಂದು ತಗಡು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸರಿದರೂ ಅಂಚಿನಲ್ಲಿ ಬಣ್ಣದ ನೆರಳು ಮೂಡುತ್ತದೆ. ಕನ್ನಡ ಲಿಪಿಯ ಕೊಂಬು, ಸುಳಿ, ಕಿರಿದಾದ ಒತ್ತಕ್ಷರಗಳಲ್ಲಿ ಇದು ಕಣ್ಣಿಗೆ ಚೆನ್ನಾಗಿಯೇ ಚುಚ್ಚುತ್ತದೆ. ಅಕ್ಷರಗಳಿಗೆ ಕಪ್ಪು ಶಾಯಿಯೊಂದನ್ನೇ 100 ಅಂಶ ಇಟ್ಟು, ಉಳಿದ ಮೂರನ್ನೂ ಸೊನ್ನೆ ಮಾಡಿದರೆ ಪೀಡೆ ತೊಲಗುತ್ತದೆ.

ಮೇಲಿನ ನಾಲ್ಕು ಅಂಕಿಗಳನ್ನು ಕೂಡಿಸಿದರೆ 300 ಬರುತ್ತದೆ. ನುಣುಪು ಕಾಗದವು ಸುಮಾರಾಗಿ ಇಷ್ಟು ಶಾಯಿಯನ್ನು ತಾಳಿಕೊಂಡೀತು. ಪತ್ರಿಕೆಯ ಒರಟು ಕಾಗದಕ್ಕೆ 240ರ ಆಸುಪಾಸೇ ಮಿತಿ. ಮೀರಿದರೆ ಶಾಯಿ ಒಣಗದೆ ಹಿಂದಿನ ಹಾಳೆಗೆ ಅಂಟುತ್ತದೆ. ಒರಟು ಕಾಗದದಲ್ಲಿ ಶಾಯಿಯ ಚುಕ್ಕೆ ಹರಡಿ ದೊಡ್ಡದಾಗುವುದರಿಂದ ಚಿತ್ರ ಕಪ್ಪಿಡುವುದೂ ಉಂಟು. ಯಾವ ಕಾಗದ, ಯಾವ ಪ್ರೊಫೈಲ್ ಎಂದು ಮುದ್ರಕರನ್ನು ಮೊದಲೇ ಕೇಳಿಕೊಂಡರೆ ತಂತ್ರಾಂಶವೇ ಈ ಲೆಕ್ಕವನ್ನು ನೋಡಿಕೊಳ್ಳುತ್ತದೆ. ಅಚ್ಚಿನ ಫಲವನ್ನು ಪರದೆಯ ಮೇಲೆಯೇ ಅನುಕರಿಸಿ ತೋರಿಸುವ ಸೌಕರ್ಯವೂ ಅದರಲ್ಲಿರುತ್ತದೆ.

ಕೊನೆಗೆ, ಮಾದರಿ ಹಾಳೆಯನ್ನು ಯಾವ ಬೆಳಕಿನಲ್ಲಿ ನೋಡುತ್ತೇವೆ ಎಂಬುದೂ ಮುಖ್ಯ. ಎರಡು ಬಣ್ಣಗಳು ಹಗಲಿನಲ್ಲಿ ಒಂದೇ ಆಗಿ ಕಂಡು, ಕೋಣೆಯ ದೀಪದಡಿ ಬೇರೆಬೇರೆಯಾಗಿ ಕಾಣಬಹುದು. ಅದಕ್ಕಾಗಿ ಮುದ್ರಣೋದ್ಯಮದವರು 5000 ಕೆಲ್ವಿನ್ ವರ್ಣೋಷ್ಣತೆಯ, ಹಗಲನ್ನು ಹೋಲುವ ಬೆಳಕನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ. ಅಂಥ ದೀಪವಿಲ್ಲದವರು ನೇರ ಬಿಸಿಲು ಬೀಳದ ಕಿಟಕಿಯ ಬಳಿ ನಡುಹಗಲಿನಲ್ಲಿ ಹಾಳೆಯನ್ನು ಹಿಡಿದು ನೋಡಬಹುದು. ಪಕ್ಕದಲ್ಲಿ ಬಣ್ಣದ ಗೋಡೆ ಇರಬಾರದು, ಹೋಲಿಸುವ ಪರದೆಯ ಪ್ರಕಾಶವನ್ನು ಕಾಗದದ ಬಿಳುಪಿನ ಮಟ್ಟಕ್ಕೆ ತಗ್ಗಿಸಿರಬೇಕು.