ಅರ್ಧ ಬೆಲೆಯ ಚಪ್ಪಲಿ ಕಲಿಸಿದ ಪಾಠ

ಓಣಂ ಹತ್ತಿರವಾಯಿತೆಂದರೆ ಕಾಸರಗೋಡಿನ ಅಂಗಡಿಗಳ ಮುಂದೆ ರಿಯಾಯಿತಿಯ ಫಲಕಗಳು ಏಳುತ್ತವೆ. ದೀಪಾವಳಿಗೆ ಮಂಗಳೂರಿನಲ್ಲಿಯೂ ಅದೇ ಸಂಭ್ರಮ. ಇಂಥದೇ ಒಂದು ಮಾರಾಟದಲ್ಲಿ “ಅಸಲಿ ಕೊಲ್ಹಾಪುರಿ, ಅರ್ಧ ಬೆಲೆ” ಎಂಬುದನ್ನು ನಂಬಿ ನಾವು ಮನೆಮಂದಿಗೆಲ್ಲ ಚಪ್ಪಲಿ ತಂದೆವು. ತಿಂಗಳು ತುಂಬುವ ಮೊದಲೇ ಅಟ್ಟೆ ಬಿಚ್ಚಿಕೊಂಡಿತು. ಮೇಲಿದ್ದದ್ದು ರೆಕ್ಸಿನ್, ಒಳಗಿದ್ದದ್ದು ರಟ್ಟು! ಬಿಲ್ಲು ಕೇಳಿ ಪಡೆದಿರಲಿಲ್ಲ, ಸುಮ್ಮನಾಗಬೇಕಾಯಿತು.

ಮುಂದಿನ ಬೇಸಗೆ ರಜೆಯಲ್ಲಿ ಕೊಲ್ಹಾಪುರಕ್ಕೆ ಹೋಗುವ ಅವಕಾಶ ಒದಗಿತು. ಮಹಾಲಕ್ಷ್ಮಿಯ ದರ್ಶನ ಮುಗಿಸಿ ಚಪ್ಪಲ್ ಲೈನ್‌ಗೆ ಹೋದೆವು. ಅಲ್ಲಿ ಒಬ್ಬ ಹಿರಿಯರು ನಮ್ಮ ಕನ್ನಡ ಕೇಳಿ ನಕ್ಕರು. “ಮೊದಲ ಅಂಚು ನೋಡ್ರಿ ಗುರುಗಳ, ಆಮ್ಯಾಲೆ ರೇಟು ಕೇಳ್ರಿ” ಎಂದರು. ಅಸಲಿ ಚಪ್ಪಲಿಯ ಅಂಚಿನಲ್ಲಿ ತೊಗಲಿನ ಪದರಗಳು ಕಾಣುತ್ತವೆ. ಅವುಗಳನ್ನು ಸೇರಿಸಿ ಹೊಲಿಯುವುದು ತೊಗಲಿನ ದಾರದಿಂದ, ಮೊಳೆಯಿಂದಲ್ಲ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲಿಗೆ ತನ್ನದೇ ಬಣ್ಣ, ತನ್ನದೇ ವಾಸನೆ. ರೆಕ್ಸಿನ್ನಿನ ಹಿಂಬದಿ ನೋಡಿದರೆ ಬಟ್ಟೆ ಕಾಣುತ್ತದೆ.

ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿಯ ಹಿಂದೆ ಅಥಣಿ, ನಿಪ್ಪಾಣಿ ಕಡೆಯ ಕನ್ನಡ ಕೈಗಳೂ ಇವೆ. 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಬರಿಯ “ತೊಗಲಿನ ಚಪ್ಪಲಿ” ಎಂದು ತೋರಿಸಿತು. ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳೊಡನೆ ಒಪ್ಪಂದವಾಗಿ, ಇಲ್ಲಿಯೇ 2,000 ಜೊತೆ ಮಾಡಿಸುವುದಾಗಿ ತಿಳಿಸಿತು. ಒಂದು ಜೊತೆಗೆ ಸುಮಾರು 800 ಯೂರೋ. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಮೇಲೆ! ಕೊಲ್ಹಾಪುರದ ಪೇಟೆಯಲ್ಲಿ ಒಳ್ಳೆಯ ಜೊತೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಹೆಸರಿನ ಬೆಲೆ ಎಷ್ಟು, ಕೈಕೆಲಸದ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ? ಮಾಡಿದವನ ಹೆಸರು ಮರೆಯಾಗುವ ನೋವು ಏನೆಂದು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನ ಇಚಲಕರಂಜಿಗೆ ಹೋದೆವು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಈ ಊರಿನ ಓಣಿಗಳಲ್ಲಿ ಇಂದಿಗೂ ಮಗ್ಗದ ಸದ್ದೇ ಸದ್ದು. ಇಲ್ಲಿ ನೇಯ್ದ ಬಟ್ಟೆ ಊರೂರು ಸುತ್ತಿ, ಬಣ್ಣ ಕಂಡು, ದೊಡ್ಡ ಹೆಸರಿನ ಚೀಟಿ ಹಚ್ಚಿಕೊಂಡು ಅಂಗಡಿಗೆ ಬರುವುದುಂಟು. ಚೀಟಿ ಬದಲಾದರೆ ನೂಲು ಬದಲಾಗುವುದಿಲ್ಲ.

ಮರಳುವಾಗ ಗಡಹಿಂಗ್ಲಜದಲ್ಲಿ ಇಳಿದೆವು. ಗಡಿಗೆ ಹತ್ತಿರದ ಈ ಪೇಟೆಯಲ್ಲಿ ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಬಟ್ಟೆ ಅಂಗಡಿಯೊಂದರಲ್ಲಿ ಒಬ್ಬ ಅಜ್ಜಿ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಉಜ್ಜಿ ಗಂಜಿ ಉದುರುವುದೇ ಎಂದು ಪರೀಕ್ಷಿಸಿದರು. ಸೆರಗಿನ ತುದಿಯ ಎಳೆ ಎಳೆದರು. ಬೆಲೆ ಕೇಳಿದ್ದು ಕೊನೆಗೆ! ನಾವು ಮಕ್ಕಳಿಗೆ ಪಾಠ ಹೇಳುವವರು. ಅಂದು ನಮಗೇ ಪಾಠವಾಯಿತು.

ಇನ್ನು ರಿಯಾಯಿತಿಯ ಲೆಕ್ಕ. “ಐವತ್ತು, ಮೇಲೆ ಇಪ್ಪತ್ತು ಶೇಕಡಾ” ಎಂದರೆ ಎಪ್ಪತ್ತಲ್ಲ. ಎರಡು ಸಾವಿರದ ಅಂಗಿ ಮೊದಲು ಸಾವಿರಕ್ಕಿಳಿಯುತ್ತದೆ. ಆ ಸಾವಿರದಲ್ಲಿ ಇಪ್ಪತ್ತು ಶೇಕಡಾ ಕಳೆದರೆ ಎಂಟುನೂರು. ಕಡಿತ ಅರುವತ್ತು ಮಾತ್ರ. ಅದೂ ಮೊದಲಿನ ಬೆಲೆ ನಿಜವಾಗಿದ್ದರೆ! ಹಬ್ಬಕ್ಕೆ ತಿಂಗಳ ಮೊದಲೇ ಬೇಕಾದ ವಸ್ತುವಿನ ಬೆಲೆ ವಿಚಾರಿಸಿ ಬರೆದಿಟ್ಟುಕೊಂಡರೆ ಇದು ತಿಳಿಯುತ್ತದೆ.

ಬಿಲ್ಲು ಮಾತ್ರ ಬಿಡಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ, ದೋಷವಿರುವ ವಸ್ತುವನ್ನು 30 ದಿನಗಳೊಳಗೆ ಹಿಂದೆ ಪಡೆಯಲು ನಿರಾಕರಿಸುವುದೂ ಹಾಗೆಯೇ. ದೂರಿಗೆ 1915 ಸಂಖ್ಯೆಯಿದೆ.

ಕೊಲ್ಹಾಪುರದಿಂದ ತಂದ ಚಪ್ಪಲಿಗೆ ಎಣ್ಣೆ ಸವರಿ ಇಟ್ಟಿದ್ದೇವೆ. ನಮ್ಮೂರಿನ ಮಳೆಯಲ್ಲಿ ತೊಗಲು ಬೂಸಲು ಹಿಡಿಯುತ್ತದೆ; ಆದ್ದರಿಂದ ಆಟಿ, ಸೋಣ ಕಳೆಯುವವರೆಗೆ ಅದಕ್ಕೆ ವಿರಾಮ. ರಿಯಾಯಿತಿ ಸಿಗಲಿಲ್ಲ, ಆದರೆ ಚಪ್ಪಲಿ ಇನ್ನೂ ಗಟ್ಟಿಯಾಗಿದೆ.